ಕಾಲೇಜಲ್ಲಿ ಕೆಲಸಕ್ಕೆ ಸೇರ್ಬೇಕು ಅಂತಿದೀರಾ? ಯಾವ ಟೇಬಲ್‌ನ ಕೆಲಸ ಏನು ಅಂತ ಮೊದ್ಲು ತಿಳ್ಕೊಳ್ಳಿ

ಅಡ್ಮಿಷನ್ ಸೀಸನ್ ಬಂತು ಅಂದ್ರೆ ನಂಗೆ ಒಂದೇ ಥರದ ಫೋನ್ ಕಾಲ್‌ಗಳು. "ಅಕ್ಕ, ನಿಮ್ ಕಾಲೇಜಲ್ಲಿ ಕೆಲಸ ಖಾಲಿ ಇದ್ಯಂತೆ, ಅರ್ಜಿ ಹಾಕ್ಲಾ?" ಅಂತಾರೆ. "ಯಾವ ಕೆಲಸ ಪುಟ್ಟಾ?" ಅಂತ ಕೇಳಿದ್ರೆ "ಕಾಲೇಜ್ ಕೆಲಸ ಅಕ್ಕ, ಯಾವ್ದಾದ್ರೂ ಸರಿ" ಅಂತ ಉತ್ತರ ಬರತ್ತೆ. ಎಂ.ಕಾಂ ಮುಗಿಸಿರೋರು, ಎಂ.ಎ ಮುಗಿಸಿರೋರು, ಪಿಯುಸಿ ಆದ್ಮೇಲೆ ಮನೆ ಕಷ್ಟಕ್ಕೆ ಕೆಲಸ ಹುಡುಕ್ತಿರೋರು, ಎಲ್ರೂ ಹೀಗೇ ಕೇಳೋದು. ಅವ್ರ ತಪ್ಪಿಲ್ಲ. ನಾವು ಓದುವಾಗ ಕಣ್ಣಿಗೆ ಕಾಣೋದು ಪಾಠ ಮಾಡೋ ಮೇಷ್ಟ್ರು, ಮೇಡಂ, ಕೌಂಟರ್ ಹಿಂದೆ ಕೂತಿರೋ ಕ್ಲರ್ಕು, ಬೆಲ್ ಹೊಡೆಯೋ ಅಣ್ಣ, ಇಷ್ಟೇ. ಒಳಗಡೆ ಯಾರು ಏನ್ ಮಾಡ್ತಾರೆ ಅಂತ ಯಾರೂ ಹೇಳ್ಕೊಡಲ್ಲ, ಕೆಲಸಕ್ಕೆ ಸೇರಿದ್ಮೇಲೂ ಹೇಳ್ಕೊಡಲ್ಲ. ನಾನು ಬೆಂಗಳೂರಿನ ಡಿಗ್ರಿ ಕಾಲೇಜುಗಳಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಅದ್ರಲ್ಲಿ ತುಂಬಾ ವರ್ಷ ಗೆಸ್ಟ್ ಆಗಿ, ಅಂದ್ರೆ ಕಾಯಂ ಅಲ್ದ ಅತಿಥಿ ಉಪನ್ಯಾಸಕಿ ಆಗಿ. ನೋಡಿದ್ದನ್ನ, ಮಾಡಿದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತೀನಿ.

ಮೊದ್ಲು ಒಂದು ವಿಷಯ ತಲೆಲಿ ಇಟ್ಕೊಳ್ಳಿ, ಆಮೇಲಿಂದೆಲ್ಲ ಸುಲಭವಾಗಿ ಅರ್ಥ ಆಗತ್ತೆ: ಕಾಲೇಜಲ್ಲಿ ಹುದ್ದೆ ಬೇರೆ, ಕೆಲಸ ಬೇರೆ.

ಇದನ್ನ ಅಮೆರಿಕದ ಕಮ್ಯುನಿಟಿ ಕಾಲೇಜ್ ಜೊತೆ ಹೋಲಿಸಿ ನೋಡಿದ್ರೆ ಚೆನ್ನಾಗಿ ಗೊತ್ತಾಗತ್ತೆ. ಅಲ್ಲಿ 1901ರಲ್ಲಿ ಇಲಿನಾಯ್‌ನ ಜೋಲಿಯೆಟ್ ಅನ್ನೋ ಊರಲ್ಲಿ ಶುರುವಾದ ಜೂನಿಯರ್ ಕಾಲೇಜಿಂದ ಬೆಳೆದು ಬಂದಿರೋ ವ್ಯವಸ್ಥೆ ಅದು, ಮನೆ ಹತ್ರ, ಕಮ್ಮಿ ಫೀಸು, ಎರಡು ವರ್ಷದ ಕೋರ್ಸು, ಕೆಲಸ ಮಾಡ್ಕೊಂಡು ಓದೋರಿಗೂ ಜಾಗ. ಅಲ್ಲಿ ದಾಖಲಾತಿ ನೋಡ್ಕೊಳ್ಳೋಕೆ ರಿಜಿಸ್ಟ್ರಾರ್ ಇರ್ತಾರೆ, ಯಾವ ಸಬ್ಜೆಕ್ಟ್ ತಗೋಬೇಕು ಅಂತ ಹೇಳೋಕೆ ಅಡ್ವೈಸರ್ ಇರ್ತಾರೆ, ಫೀಸಿಗೆ ಸಹಾಯ ಕೊಡ್ಸೋಕೆ ಫೈನಾನ್ಶಿಯಲ್ ಏಡ್ ಆಫೀಸೇ ಇರತ್ತೆ. ನಮ್ಮ ದೇಶದಲ್ಲೂ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಕಮ್ಯುನಿಟಿ ಕಾಲೇಜ್ ಶುರು ಮಾಡ್ತು, ಆಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಈಗಾಗ್ಲೇ ಇರೋ ಕಾಲೇಜುಗಳಲ್ಲೇ ಕೌಶಲ್ಯದ ಡಿಪ್ಲೊಮಾ ನಡೆಸೋಕೆ ಇದೇ ಹೆಸರಲ್ಲಿ ಒಂದು ಸ್ಕೀಮ್ ತಂತು. ಆದ್ರೆ ನಮ್ಮೂರಲ್ಲಿ ಮನೆ ಹತ್ರ ಇದ್ದು, ಕಮ್ಮಿ ಫೀಸಲ್ಲಿ, ಮನೇಲಿ ಮೊದಲ್ನೇ ಸಲ ಡಿಗ್ರಿ ಓದ್ತಿರೋ ಮಕ್ಕಳನ್ನ ಕೈ ಹಿಡಿಯೋ ಕೆಲಸ ನಿಜವಾಗ್ಲೂ ಮಾಡ್ತಿರೋದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಕರ್ನಾಟಕದಲ್ಲಿ ನಾನೂರಕ್ಕೂ ಹೆಚ್ಚಿವೆ. ಅಮೆರಿಕದಲ್ಲಿ ಆ ರಿಜಿಸ್ಟ್ರಾರು, ಅಡ್ವೈಸರು ಮಾಡೋ ಅಷ್ಟೂ ಕೆಲಸ ಇಲ್ಲೂ ಇದೆ, ಆದ್ರೆ ಆ ಹೆಸರಿನ ಹುದ್ದೆ ಇಲ್ಲ. ಆ ಕೆಲಸಗಳೆಲ್ಲ ಒಬ್ಬ ಎಸ್‌ಡಿಎ (ಆಫೀಸಿನ ಕ್ಲರ್ಕು), ಇಬ್ರು ಲೆಕ್ಚರರ್, ಒಬ್ಬ ಲೈಬ್ರರಿಯನ್ ಮಧ್ಯೆ ಹಂಚಿ ಹೋಗಿರತ್ತೆ. ನೀವು ಸೇರುವಾಗ ಆರ್ಡರ್ ಕಾಪಿಲಿ ಒಂದು ಹೆಸರು ಇರತ್ತೆ, ಮಾರನೇ ದಿನದಿಂದ ನೀವು ಮಾಡೋ ಕೆಲಸ ನಾಲ್ಕು ಇರತ್ತೆ. ಆ ಉಳಿದ ಮೂರು ಯಾವ್ಯಾವು ಅಂತ ಮೊದ್ಲೇ ಗೊತ್ತಿದ್ರೆ ಅರ್ಧ ಕಷ್ಟ ಕಮ್ಮಿ.

ಹಂತ 1: ಗೇಟಲ್ಲಿರೋ ಬೋರ್ಡ್ ಓದಿ

ಸಂಬಳ ಯಾರು ಕೊಡ್ತಾರೆ ಅನ್ನೋದು ಇಲ್ಲಿ ತೀರ್ಮಾನ ಆಗೋದು. ಸರ್ಕಾರಿ ಕಾಲೇಜು ಆದ್ರೆ ಕಾಲೇಜು ಶಿಕ್ಷಣ ಇಲಾಖೆ, ಸಂಬಳ ಖಜಾನೆಯಿಂದ. ಅನುದಾನಿತ ಕಾಲೇಜು ಆದ್ರೆ ಆಡಳಿತ ಮಂಡಳಿ ಖಾಸಗಿಯವ್ರದ್ದು, ಆದ್ರೆ ಮಂಜೂರಾದ ಹುದ್ದೆಗಳಿಗೆ ಸಂಬಳ ಸರ್ಕಾರದ್ದು. ಅನುದಾನರಹಿತ ಆದ್ರೆ ಎಲ್ಲಾ ಮ್ಯಾನೇಜ್‌ಮೆಂಟ್. ಗೊಂದಲ ಆಗೋದು ಎರಡನೇ ಥರದ ಕಾಲೇಜಲ್ಲಿ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿರೋ ಎಷ್ಟೋ ಅನುದಾನಿತ ಕಾಲೇಜುಗಳಲ್ಲಿ ಒಂದೇ ಸ್ಟಾಫ್ ರೂಮಲ್ಲಿ ಏಡೆಡ್ ಪೋಸ್ಟಲ್ಲಿ ಇರೋರೂ ಕೂತಿರ್ತಾರೆ, ಮ್ಯಾನೇಜ್‌ಮೆಂಟ್ ಪೋಸ್ಟಲ್ಲಿ ಇರೋರೂ ಕೂತಿರ್ತಾರೆ, ಇಬ್ರೂ ಅದೇ ಬಿ.ಕಾಂ ಮಕ್ಕಳಿಗೇ ಪಾಠ ಮಾಡ್ತಾರೆ, ಸಂಬಳ ಮಾತ್ರ ಅಜಗಜಾಂತರ. ಆದ್ರಿಂದ "ದೊಡ್ಡ ಹೆಸರಿನ ಕಾಲೇಜು" ಅಂತ ಕೇಳಿ ಖುಷಿಯಾಗಿ ಸೇರ್ಬೇಡಿ, ನನ್ನದು ಯಾವ ಪೋಸ್ಟು ಅಂತ ಬಾಯ್ಬಿಟ್ಟು ಕೇಳಿ.

ಇನ್ನೊಂದು, ಆ ಕಾಲೇಜು ಯಾವ ಯೂನಿವರ್ಸಿಟಿ ಕೆಳಗೆ ಬರತ್ತೆ ನೋಡ್ಕೊಳ್ಳಿ. 2017ರಲ್ಲಿ ಬೆಂಗಳೂರು ವಿವಿ ಮೂರು ಭಾಗ ಆಯ್ತಲ್ಲ, ಜ್ಞಾನಭಾರತಿಯ ಹಳೇ ಬೆಂಗಳೂರು ವಿವಿ, ಸೆಂಟ್ರಲ್ ಕಾಲೇಜ್ ಆವರಣದಲ್ಲಿರೋ ಬೆಂಗಳೂರು ನಗರ ವಿವಿ (ಈಗ ಡಾ. ಮನಮೋಹನ್ ಸಿಂಗ್ ಬೆಂಗಳೂರು ನಗರ ವಿವಿ), ಆಮೇಲೆ ಬೆಂಗಳೂರು ಉತ್ತರ ವಿವಿ. ಪರೀಕ್ಷೆ ಕೆಲಸ, ವ್ಯಾಲ್ಯುಯೇಷನ್‌ಗೆ ಎಲ್ಲಿಗೆ ಓಡಾಡ್ಬೇಕು ಅನ್ನೋದು ಇದ್ರ ಮೇಲೆ. ಮತ್ತೆ ನೃಪತುಂಗ, ಮಹಾರಾಣಿ ಕ್ಲಸ್ಟರ್ ಥರದವು ಮೊದ್ಲು ಕಾಲೇಜಾಗಿದ್ವು, ಈಗ ಅವೇ ವಿಶ್ವವಿದ್ಯಾಲಯ. ಅಲ್ಲಿ ಕುಲಸಚಿವರು ಅಂದ್ರೆ ರಿಜಿಸ್ಟ್ರಾರ್ ಹುದ್ದೆ ಇದೆ, ಪರೀಕ್ಷೆಗೇ ಬೇರೆ ಕುಲಸಚಿವರು. ನಮ್ಮಂಥ ಮಾಮೂಲಿ ಕಾಲೇಜಲ್ಲಿ ಅದೆಲ್ಲ ಇರಲ್ಲ.

ಹಂತ 2: ಆಫೀಸ್ ಒಳಗೆ ಯಾರ್ಯಾರು

ಇದನ್ನ ನಾನು ಉದ್ದಕ್ಕೆ ಬರೀತೀನಿ, ಯಾಕಂದ್ರೆ ಕಾಲೇಜು ನಿಜವಾಗ್ಲೂ ನಡೆಯೋದು ಇಲ್ಲಿಂದ, ಮತ್ತೆ ಇದ್ರ ಬಗ್ಗೆ ಯಾರೂ ಬರೆಯಲ್ಲ.

ಆಫೀಸಿಗೆ ಹಿರಿಯರು ಅಧೀಕ್ಷಕರು, ನಾವು ಸೂಪರಿಂಟೆಂಡೆಂಟ್ ಅಂತೀವಿ, ಕೆಲವು ದೊಡ್ಡ ಕಾಲೇಜಲ್ಲಿ ಗೆಜೆಟೆಡ್ ಮ್ಯಾನೇಜರ್ ಇರ್ತಾರೆ. ಯಾವ ಫೈಲೂ ಪ್ರಿನ್ಸಿಪಾಲ್ ಟೇಬಲ್‌ಗೆ ಹೋಗೋ ಮುಂಚೆ ಇವ್ರ ಕೈ ದಾಟ್ಬೇಕು. ಇವ್ರ ಕೆಳಗೆ ಎಫ್‌ಡಿಎ, ಎಸ್‌ಡಿಎ, ಅಂದ್ರೆ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು. ಎಫ್‌ಡಿಎಗೆ ಡಿಗ್ರಿ ಬೇಕು, ಎಸ್‌ಡಿಎಗೆ ಪಿಯುಸಿ ಸಾಕು, ಕೆಪಿಎಸ್‌ಸಿ ಪರೀಕ್ಷೆ ಬರೆದು ಬರ್ಬೇಕು. ಹೆಸರಲ್ಲಿ "ಸಹಾಯಕ" ಅಂತಿದ್ರೂ ಅವ್ರ ಕೈಲಿರೋ ಜವಾಬ್ದಾರಿ ಸಣ್ಣದಲ್ಲ.

ಕೆಲಸ ಹಂಚೋದು ಸೆಕ್ಷನ್ ಲೆಕ್ಕದಲ್ಲಿ. ಅಡ್ಮಿಷನ್ ಸೆಕ್ಷನ್ ನೋಡೋರು ಅರ್ಜಿ, ದಾಖಲೆ ಪರಿಶೀಲನೆ, ಅಡ್ಮಿಷನ್ ರಿಜಿಸ್ಟರ್, ಟಿಸಿ, ಸ್ಟಡಿ ಸರ್ಟಿಫಿಕೇಟ್ ಎಲ್ಲಾ ನೋಡ್ತಾರೆ. ರಿಜಿಸ್ಟರ್‌ನಲ್ಲಿ ಹುಟ್ಟಿದ ದಿನಾಂಕವೋ ಅಪ್ಪನ ಇನಿಶಿಯಲ್ಲೋ ಒಂದು ಅಕ್ಷರ ತಪ್ಪಾಗಿ ಬಿತ್ತು ಅಂದ್ರೆ ಆ ಮಗು ಹತ್ತು ವರ್ಷ ಆದ್ಮೇಲೂ ಅಫಿಡವಿಟ್ ಹಿಡ್ಕೊಂಡು ಓಡಾಡತ್ತೆ, ಅಷ್ಟು ಹುಷಾರಾಗಿ ಮಾಡ್ಬೇಕಾದ ಕೆಲಸ. ಪರೀಕ್ಷಾ ಸೆಕ್ಷನ್‌ನವ್ರು ಫೀಸು, ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್ ನೋಡ್ತಾರೆ, ಈಗ ಎಲ್ಲ ಯುಯುಸಿಎಂಎಸ್ ಅನ್ನೋ ವಿವಿಗಳ ಆನ್‌ಲೈನ್ ಪೋರ್ಟಲ್‌ನಲ್ಲಿ ಆಗೋದ್ರಿಂದ ಐಎ (ಇಂಟರ್ನಲ್) ಮಾರ್ಕ್ಸ್ ಹಾಕೋ ಕಡೇ ದಿನ ಸರ್ವರ್ ನಿಧಾನ ಆದ್ರೆ ಇವ್ರು ರಾತ್ರಿವರೆಗೂ ಕೂತಿರ್ತಾರೆ.

ಸ್ಕಾಲರ್‌ಶಿಪ್ ಸೆಕ್ಷನ್, ಇದು ನನ್ ಪ್ರಕಾರ ಇಡೀ ಕಾಲೇಜಲ್ಲೇ ಅತಿ ಮುಖ್ಯವಾದ ಟೇಬಲ್ಲು. ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಮಕ್ಕಳು ಅರ್ಜಿ ಹಾಕ್ಬೇಕು, ಅದಕ್ಕೆ ಜಾತಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಅಕೌಂಟ್‌ಗೆ ಆಧಾರ್ ಸೀಡಿಂಗ್ (ಸರ್ಕಾರದ ದುಡ್ಡು ಆ ಅಕೌಂಟ್‌ಗೇ ಬರೋ ಹಾಗೆ ಜೋಡಿಸೋದು) ಆಗಿರ್ಬೇಕು, ಆಮೇಲೆ ಕಾಲೇಜಿಂದ ಇ-ಅಟೆಸ್ಟೇಷನ್, ಅಂದ್ರೆ ಆನ್‌ಲೈನ್‌ನಲ್ಲಿ ದಾಖಲೆ ದೃಢೀಕರಣ ಆಗ್ಬೇಕು. ಇದ್ರಲ್ಲಿ ಯಾವ ಕೊಂಡಿ ತಪ್ಪಿದ್ರೂ ದುಡ್ಡು ಬರಲ್ಲ. ಅಮೆರಿಕದಲ್ಲಿ ಒಂದು ಆಫೀಸ್ ಮಾಡೋ ಕೆಲಸ ಇಲ್ಲಿ ಒಬ್ರೇ ಮಾಡ್ತಾರೆ, ಅದೂ ಬೇರೆ ಸೆಕ್ಷನ್ ಜೊತೆಗೆ. ಹಿಂದೆ ನಾನಿದ್ದ ಒಂದು ಕಾಲೇಜಲ್ಲಿ ಎಸ್‌ಡಿಎ ಮೇಡಂ ಒಬ್ರು ಇದ್ರು. ಮಕ್ಕಳು ಕೌಂಟರ್‌ಗೆ ಬಂದ್ರೆ "ಬಾ ಮಗ, ಪಾಸ್‌ಬುಕ್ ತಂದ್ಯಾ? ಬ್ಯಾಂಕಿಗೆ ಹೋಗಿ ಆಧಾರ್ ಲಿಂಕ್ ಆಗಿದ್ಯಾ ಅಂತಲ್ಲ, ಸೀಡ್ ಆಗಿದ್ಯಾ ಅಂತ ಕೇಳು, ಎರಡೂ ಬೇರೆ" ಅಂತ ಒಬ್ಬೊಬ್ರಿಗೂ ಬಿಡಿಸಿ ಹೇಳೋರು. ಆ ಒಂದು ಮಾತು ಗೊತ್ತಿಲ್ದೆ ವರ್ಷಗಟ್ಟಲೆ ಸ್ಕಾಲರ್‌ಶಿಪ್ ಕಳ್ಕೊಂಡಿರೋ ಮಕ್ಕಳನ್ನ ನಾನು ನೋಡಿದೀನಿ. ಅವ್ರಿಂದ ಕಲ್ತಿದ್ದನ್ನ ಇವತ್ತಿಗೂ ನನ್ ಕ್ಲಾಸಲ್ಲಿ ಮೊದಲ್ನೇ ವಾರ ಬೋರ್ಡ್ ಮೇಲೆ ಬರೀತೀನಿ.

ಸಿಬ್ಬಂದಿ ಸೆಕ್ಷನ್, ಲೆಕ್ಕಪತ್ರ ಸೆಕ್ಷನ್ ಒಳಗಿನವ್ರಿಗಾಗಿ ಇರೋದು. ಸೇವಾ ಪುಸ್ತಕ, ರಜೆ, ಇನ್‌ಕ್ರಿಮೆಂಟ್, ಎಚ್‌ಆರ್‌ಎಂಎಸ್‌ನಲ್ಲಿ ಸಂಬಳದ ಬಿಲ್ಲು, ಖಜಾನೆ-2ರಲ್ಲಿ ಉಳಿದ ಬಿಲ್ಲು (ಎರಡೂ ಸರ್ಕಾರದ ಆನ್‌ಲೈನ್ ವ್ಯವಸ್ಥೆ), ಕ್ಯಾಶ್ ಬುಕ್. ನೀವು ಲೆಕ್ಚರರ್ ಆಗಿ ಸೇರಿದ್ರೂ ಈ ಎರಡು ಟೇಬಲ್ ಪರಿಚಯ ಮೊದಲ್ನೇ ದಿನವೇ ಮಾಡ್ಕೊಳ್ಳಿ.

ಗ್ರೂಪ್ ಡಿ, ಅಟೆಂಡರ್, ಸ್ವಚ್ಛತೆ, ಸೆಕ್ಯೂರಿಟಿ ಕೆಲಸಗಳು ಈಗ ಹೆಚ್ಚಾಗಿ ಹೊರಗುತ್ತಿಗೆ. ಅಂದ್ರೆ ನೀವು ಕೆಲಸ ಮಾಡೋದು ಕಾಲೇಜಲ್ಲಿ, ನಿಮ್ಮ ಮಾಲೀಕರು ಏಜೆನ್ಸಿ. ಇಂಥ ಕೆಲಸಕ್ಕೆ ಸೇರೋರಿಗೆ ನಾನು ಕೈ ಮುಗಿದು ಹೇಳೋದು, ಪಿಎಫ್ ಯುಎಎನ್ ನಂಬರ್ ಕೇಳಿ ತಗೊಳ್ಳಿ, ಇಎಸ್‌ಐ ಕಾರ್ಡ್ ಕೇಳಿ ತಗೊಳ್ಳಿ (ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇಎಸ್‌ಐ ಬರತ್ತೆ), ಮತ್ತೆ ದುಡ್ಡು ಕಟ್ಟಿದಾರಾ ಅಂತ ಮೂರು ತಿಂಗಳಿಗೊಮ್ಮೆ ಫೋನಲ್ಲೇ ಚೆಕ್ ಮಾಡ್ಕೊಳ್ಳಿ, ಮಕ್ಕಳಿಗೆ ಗೊತ್ತಿರತ್ತೆ, ಅವ್ರ ಹತ್ರ ಕೇಳಿದ್ರೆ ತೆಗೆದು ತೋರಿಸ್ತಾರೆ. ಕೋಣೆ ಬೀಗ, ಪ್ರಶ್ನೆಪತ್ರಿಕೆ ಬಂಡಲ್ ಬರೋ ದಿನದ ಕಾವಲು, ಪರೀಕ್ಷೆಗೆ ಡೆಸ್ಕ್ ಮೇಲೆ ನಂಬರ್ ಬರೆಯೋದು, ಇವೆಲ್ಲ ಮಾಡೋದು ಈ ಅಣ್ಣಂದಿರು ಅಕ್ಕಂದಿರೇ. ಹೊಸದಾಗಿ ಸೇರಿದ ಲೆಕ್ಚರರ್‌ಗೆ ಯಾವ ರೂಮಲ್ಲಿ ಫ್ಯಾನ್ ತಿರುಗಲ್ಲ, ಯಾವ ರೂಮಲ್ಲಿ ಪ್ರೊಜೆಕ್ಟರ್ ಕೆಲಸ ಮಾಡತ್ತೆ ಅಂತ ಸರಿಯಾಗಿ ಹೇಳೋರೂ ಅವ್ರೇ.

ಹಂತ 3: ಪಾಠ ಮಾಡೋ ಕೆಲಸ

ಕಾಯಂ ಆಗಿ ಸೇರೋದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು (ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ವಿಕಲಚೇತನರಿಗೆ ಶೇ. 5 ರಿಯಾಯಿತಿ), ಜೊತೆಗೆ ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯ ಮಟ್ಟದ್ದು) ಪಾಸ್ ಆಗಿರ್ಬೇಕು, ಇಲ್ಲಾ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಆಗಿರ್ಬೇಕು. ಕೆ-ಸೆಟ್ ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸತ್ತೆ, ಹಿಂದೆ ಮೈಸೂರು ವಿವಿ ನಡೆಸ್ತಿತ್ತು. ಯುಜಿಸಿ ವೇತನದಲ್ಲಿ ಶುರುವಿನ ಮೂಲ ವೇತನ 57,700. ಆದ್ರೆ ನೇಮಕಾತಿ ವರ್ಷ ವರ್ಷ ಆಗಲ್ಲ, 1,242 ಹುದ್ದೆಗೆ 2021ರಲ್ಲಿ ಅರ್ಜಿ ಕರೆದು 2022ರಲ್ಲಿ ಪರೀಕ್ಷೆ ನಡೆಸಿದ್ರಲ್ಲ, ಆ ಥರದ್ದು ಎಷ್ಟೋ ವರ್ಷಕ್ಕೊಮ್ಮೆ ಬರೋದು, ಬಂದಾಗ ತಯಾರಿ ಶುರು ಮಾಡಿದ್ರೆ ಆಗಲ್ಲ, ಬರೋ ಮುಂಚೆನೇ ಓದಿಟ್ಕೊಂಡಿರ್ಬೇಕು.

ಯುಜಿಸಿಯ 2018ರ ನಿಯಮಾವಳಿಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ, ಸಹ ಪ್ರಾಧ್ಯಾಪಕರಿಗೆ 14 ಗಂಟೆ ಅಂತಿದೆ. ಇದನ್ನ ನೋಡಿ "ಬರೀ 16 ಗಂಟೆನಾ, ಆರಾಮ್ ಕೆಲಸ" ಅಂತ ಹೊರಗಿನವ್ರು ಅನ್ಕೊಳ್ತಾರೆ, ಆದ್ರೆ ಅದೇ ನಿಯಮದಲ್ಲಿ ಒಟ್ಟು ಕೆಲಸ ವಾರಕ್ಕೆ 40 ಗಂಟೆ ಅಂತ್ಲೂ ಇದೆ. ಉಳಿದ ಗಂಟೆಗಳಲ್ಲಿ ಪಾಠ ಯೋಜನೆ, ಕಾರ್ಯ ದಿನಚರಿ ಬರೆಯೋದು, ಟೆಸ್ಟು, ಅಸೈನ್‌ಮೆಂಟು, ಅಟೆಂಡೆನ್ಸ್ ಶಾರ್ಟೇಜ್ ಇರೋ ಮಕ್ಕಳ ಮನೆಗೆ ಫೋನ್ ಮಾಡೋದು, ಪರೀಕ್ಷಾ ಡ್ಯೂಟಿ, ವ್ಯಾಲ್ಯುಯೇಷನ್, ಮೆಂಟರ್ ಕೆಲಸ. ಮೆಂಟರ್ ಅಂದ್ರೆ ಅಮೆರಿಕದಲ್ಲಿ ಅಡ್ವೈಸರ್ ಮಾಡೋ ಕೆಲಸವೇ. ಮಧ್ಯಾಹ್ನದ ಮೇಲೆ ಡೆಲಿವರಿ ಕೆಲಸಕ್ಕೆ ಹೋಗೋ ಹುಡುಗ, ಮದುವೆ ಗೊತ್ತು ಮಾಡಿದಾರೆ ಅಂತ ಮೂರನೇ ಸೆಮ್‌ಗೇ ಬಿಡೋಕೆ ಹೊರಟಿರೋ ಹುಡುಗಿ, ಇವ್ರ ಜೊತೆ ಕೂತು ಮಾತಾಡೋಕೆ ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಇರಲ್ಲ. ಆದ್ರೂ ಆ ಹುಡುಗಿ ಟಿಸಿ ಕೇಳೋಕೆ ಬಂದ ದಿನ ಅರ್ಧ ಗಂಟೆ ಅವ್ಳ ಅಮ್ಮನ ಜೊತೆ ಮಾತಾಡಿದ್ರೆ ಡಿಗ್ರಿ ಮುಗಿಸೋವರೆಗಾದ್ರೂ ತಡೀಬಹುದು, ನಾನು ಮಾಡಿದೀನಿ, ಎಲ್ಲಾ ಸಲ ಆಗಿಲ್ಲ, ಕೆಲವು ಸಲ ಆಗಿದೆ.

ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಅನ್ನೋದು ಬೇರೆ ಹುದ್ದೆ ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ಅಲ್ಲ. ವಿಭಾಗದಲ್ಲಿ ಹಿರಿಯರಿಗೆ ಕೊಡೋ ಜವಾಬ್ದಾರಿ ಅದು, ಟೈಮ್‌ಟೇಬಲ್ ಹಾಕೋದು, ವರ್ಕ್‌ಲೋಡ್ ಲೆಕ್ಕ ಕಳ್ಸೋದು ಅವ್ರು.

ಈ ವರ್ಕ್‌ಲೋಡ್ ಅನ್ನೋ ಪದ ಗೆಸ್ಟ್ ಆಗಿ ಸೇರೋರು ಚೆನ್ನಾಗಿ ಅರ್ಥ ಮಾಡ್ಕೋಬೇಕು. ಒಂದು ಸಬ್ಜೆಕ್ಟ್‌ಗೆ ಕಾಲೇಜಲ್ಲಿ ವಾರಕ್ಕೆ ಒಟ್ಟು ಎಷ್ಟು ಗಂಟೆ ಪಾಠ ಇದೆ, ಅದ್ರಲ್ಲಿ ಕಾಯಂ ಇರೋರು ಎಷ್ಟು ತಗೋತಾರೆ, ಉಳಿದಿದ್ದೆಷ್ಟು, ಆ ಉಳಿದ ಗಂಟೆಗೆ ಅತಿಥಿ ಉಪನ್ಯಾಸಕರು. ಆದ್ರಿಂದ ಕಾಯಂ ಮೇಷ್ಟ್ರು ಒಬ್ರು ಟ್ರಾನ್ಸ್‌ಫರ್ ಆಗಿ ಬಂದ್ರೂ ನಿಮ್ಮ ಜಾಗಕ್ಕೆ ಕುತ್ತು, ಸಿಲಬಸ್ ಬದಲಾದ್ರೂ ಕುತ್ತು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ಓಪನ್ ಎಲೆಕ್ಟಿವ್ ಅದು ಇದು ಅಂತ ಗಂಟೆಗಳು ಬದಲಾದ್ವು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಪದ್ಧತಿಗೆ ವಾಪಸ್ ಬಂದ್ವಿ, ಆಗ ಮತ್ತೆ ಬದಲಾದ್ವು. ಪ್ರತಿ ಬದಲಾವಣೆಲೂ ಎದೆ ಹೊಡ್ಕೊಳ್ಳೋದು ಗೆಸ್ಟ್‌ಗಳಿಗೇ. ಗೌರವಧನ 2022ರ ಜನವರಿಲಿ ಜಾಸ್ತಿ ಮಾಡಿದ್ರು, ಯುಜಿಸಿ ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಸೇವೆ ಇದ್ರೆ 32,000, ಕಮ್ಮಿ ಇದ್ರೆ 30,000, ಅರ್ಹತೆ ಇಲ್ದೋರಿಗೆ 28,000 ಮತ್ತೆ 26,000, ಅದ್ರ ಜೊತೆಗೆ ವಾರದ ಪಾಠ 15 ಗಂಟೆ ಆಯ್ತು. ಅದಕ್ಕೂ ಮುಂಚೆ 11,000, 13,000 ಇತ್ತು, ಅದ್ರಲ್ಲಿ ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಬದುಕಿದ್ವಿ. 2024ರಲ್ಲಿ ಅನುಭವ ನೋಡಿ ಇನ್ನೊಂದಿಷ್ಟು ಸೇರಿಸಿದ್ರು. ದುಡ್ಡು ಜಾಸ್ತಿ ಆಗಿದ್ದು ಒಳ್ಳೇದೇ, ಆದ್ರೆ 15 ಗಂಟೆ ಆದ್ಮೇಲೆ ಮೊದ್ಲು ಇಬ್ರು ಮಾಡ್ತಿದ್ದ ಪಾಠ ಒಬ್ರಿಗೆ ಸಿಕ್ಕಿ ಇನ್ನೊಬ್ರು ಮನೇಲಿ ಕೂತ್ರು, ಅದನ್ನೂ ಮರೀಬಾರ್ದು.

ಗೆಸ್ಟ್ ಆಯ್ಕೆ ಆನ್‌ಲೈನ್ ಕೌನ್ಸೆಲಿಂಗ್‌ನಲ್ಲಿ ಮೆರಿಟ್ ಮೇಲೆ ಆಗತ್ತೆ. ಕಾಲೇಜ್ ಆರಿಸ್ಕೊಳ್ಳುವಾಗ ಓಡಾಟ ಲೆಕ್ಕ ಹಾಕಿ. ಕೆಂಗೇರಿ ಕಡೆ ಮನೆ ಇದ್ದು ಕೆ.ಆರ್.ಪುರದಲ್ಲಿ ಕಾಲೇಜ್ ಸಿಕ್ಕಿದ್ರೆ ಈಗ ನೇರಳೆ ಮೆಟ್ರೋ ಒಂದೇ ಲೈನಲ್ಲಿ ಹೋಗತ್ತೆ, ಪರ್ವಾಗಿಲ್ಲ. ಮೆಟ್ರೋ ಇಲ್ದೆ ಇರೋ ಕಡೆ ಎರಡು ಬಸ್ ಬದಲಾಯ್ಸಿ ಹೋಗೋ ಹಾಗಿದ್ರೆ ಮೊದಲ್ನೇ ಪೀರಿಯಡ್ ದಿನಾ ಟೆನ್ಷನ್. ಹೆಂಗಸ್ರಿಗೆ ಬಿಎಂಟಿಸಿ ಟಿಕೆಟ್ ಖರ್ಚು ಉಳೀತು, ಅದೊಂದು ಸಮಾಧಾನ.

ಹಂತ 4: ಲೈಬ್ರರಿ, ಆಟದ ಮೈದಾನ, ಲ್ಯಾಬ್

ಗ್ರಂಥಪಾಲಕರಿಗೂ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಯುಜಿಸಿ ವೇತನವೇ, ಅರ್ಹತೆನೂ ಅದೇ ಥರ, ಅವ್ರವ್ರ ವಿಷಯದಲ್ಲಿ ಸ್ನಾತಕೋತ್ತರ ಶೇ. 55, ಜೊತೆಗೆ ನೆಟ್ ಅಥವಾ ಸೆಟ್. ಗ್ರಂಥಾಲಯ ವಿಜ್ಞಾನ ಓದೋರಿಗೆ ಬೆಂಗಳೂರು ಒಳ್ಳೇ ಊರು, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸ್ಕೊಂಡ ಎಸ್.ಆರ್. ರಂಗನಾಥನ್ ಅವ್ರು 1962ರಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದ್ದು ಇಲ್ಲೇ. ಪುಸ್ತಕ ಕೊಡೋದು ತಗೊಳ್ಳೋದು ಇದ್ರಲ್ಲಿ ಸಣ್ಣ ಭಾಗ, ಅಕ್ಸೆಶನ್ ರಿಜಿಸ್ಟರ್ (ಬಂದ ಪುಸ್ತಕಕ್ಕೆಲ್ಲ ನಂಬರ್ ಹಾಕಿ ಬರೆಯೋದು), ಪ್ರತಿವರ್ಷ ಸ್ಟಾಕ್ ತಾಳೆ ನೋಡೋದು, ಆಡಿಟ್‌ಗೆ ಉತ್ತರ ಕೊಡೋದು ದೊಡ್ಡ ಭಾಗ, ಕಳೆದು ಹೋದ ಪುಸ್ತಕಕ್ಕೂ ಲೆಕ್ಕ ಕೊಡ್ಬೇಕು. ಲ್ಯಾಬ್ ಇರೋ ಕಾಲೇಜಲ್ಲಿ ಲ್ಯಾಬ್ ಸಹಾಯಕರಿಗೂ ಹಾಗೇ, ಗಾಜಿನ ಸಾಮಾನು, ಕೆಮಿಕಲ್ ಎಲ್ಲಾ ಸ್ಟಾಕ್ ಬುಕ್ಕಲ್ಲಿರ್ಬೇಕು.

ಹಂತ 5: ಆರ್ಡರ್‌ನಲ್ಲಿ ಇಲ್ದೆ ಇರೋ ಕೆಲಸಗಳು

ಶುರುವಲ್ಲಿ ಹೇಳಿದ್ನಲ್ಲ, ಹುದ್ದೆ ಬೇರೆ ಕೆಲಸ ಬೇರೆ ಅಂತ, ಆ ಮಾತು ಇಲ್ಲಿಗೆ ಬರತ್ತೆ. ಪ್ರತಿ ವರ್ಷದ ಮೊದಲ್ನೇ ಸ್ಟಾಫ್ ಮೀಟಿಂಗ್‌ನಲ್ಲಿ ಪ್ರಿನ್ಸಿಪಾಲ್ರು ಕಮಿಟಿ ಲಿಸ್ಟ್ ಓದ್ತಾರೆ. ಎನ್‌ಎಸ್‌ಎಸ್, ಐಕ್ಯೂಎಸಿ, ಆಂಟಿ ರ‍್ಯಾಗಿಂಗ್, ಆಂತರಿಕ ದೂರು ಸಮಿತಿ, ಪ್ಲೇಸ್‌ಮೆಂಟ್, ಸಾಂಸ್ಕೃತಿಕ, ಸ್ಕಾಲರ್‌ಶಿಪ್ ನೋಡಲ್, ಹೀಗೆ ಉದ್ದ ಇರತ್ತೆ.

ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ ಆದ್ರೆ ಒಂದು ಘಟಕಕ್ಕೆ 100 ಸ್ವಯಂಸೇವಕರು, ವರ್ಷಕ್ಕೆ 120 ಗಂಟೆ ಕೆಲಸ, ಜೊತೆಗೆ ಹಳ್ಳೀಲಿ 7 ದಿನದ ಶಿಬಿರ. ಆ ಏಳು ದಿನ ಮಕ್ಕಳ ಊಟ, ನಿದ್ದೆ, ಜ್ವರ, ಜಗಳ ಎಲ್ಲಾ ನಿಮ್ಮ ತಲೆ ಮೇಲೆ. ಆದ್ರೂ ನಾನು ಹೇಳ್ತೀನಿ, ಸಿಕ್ಕಿದ್ರೆ ಬಿಡ್ಬೇಡಿ. ಕ್ಲಾಸಲ್ಲಿ ಮೂರು ವರ್ಷ ಬಾಯಿ ಬಿಡದ ಹುಡುಗ ಶಿಬಿರದಲ್ಲಿ ಇಡೀ ಅಡುಗೆ ಮನೆ ಸಂಭಾಳಿಸೋದನ್ನ ನೋಡಿದೀನಿ, ಆಮೇಲೆ ಅವನ ಅಟೆಂಡೆನ್ಸ್ ಬಗ್ಗೆ ಅವನ ಹತ್ರ ಮಾತಾಡೋ ರೀತಿನೇ ಬದಲಾಯ್ತು.

ಐಕ್ಯೂಎಸಿ ಅಂದ್ರೆ ಕಾಲೇಜಿನೊಳಗಿನ ಗುಣಮಟ್ಟದ ಘಟಕ, ಅಂದ್ರೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ರಾಷ್ಟ್ರೀಯ ಸಂಸ್ಥೆ) ಕೆಲಸ. ನ್ಯಾಕ್ ಶುರುವಾಗಿದ್ದು 1994ರಲ್ಲಿ, ಅದ್ರ ಕೇಂದ್ರ ಕಚೇರಿ ನಮ್ಮ ನಾಗರಭಾವಿಲೇ ಇದೆ. ಏಳು ಮಾನದಂಡಗಳಲ್ಲಿ ಕಾಲೇಜಿನ ಲೆಕ್ಕ ಕೊಡ್ಬೇಕು, ಪ್ರತಿ ವರ್ಷ ವರದಿ ಕಳಿಸ್ಬೇಕು. ಈ ಕೆಲಸ ಸಿಕ್ಕೋರಿಗೆ ಒಂದೇ ಕಿವಿಮಾತು: ಕಾರ್ಯಕ್ರಮ ಆದ ದಿನವೇ ಫೋಟೋ, ಹಾಜರಿ ಪಟ್ಟಿ, ಒಂದು ಪುಟದ ವರದಿ ತೆಗೆದಿಟ್ಕೊಳ್ಳಿ. ನಾವು ಒಂದ್ಸಲ ಐದು ವರ್ಷದ್ದನ್ನ ಒಟ್ಟಿಗೆ ಹುಡುಕೋಕೆ ಹೋಗಿ ಎರಡು ತಿಂಗಳು ಭಾನುವಾರ ಕಾಣ್ಲಿಲ್ಲ, ನಿಜವಾಗ್ಲೂ ನಡೆದಿದ್ದ ಒಳ್ಳೊಳ್ಳೆ ಕಾರ್ಯಕ್ರಮಗಳಿಗೆ ಒಂದು ಚೀಟಿ ದಾಖಲೆ ಇರ್ಲಿಲ್ಲ.

ಆಂತರಿಕ ದೂರು ಸಮಿತಿಗೆ ಹೆಸರು ಹಾಕಿದ್ರೆ ಅದನ್ನ ಬರೀ ಲಿಸ್ಟ್ ಅಂತ ತಿಳ್ಕೋಬೇಡಿ. 2013ರ ಕಾಯ್ದೆ, ಕಾಲೇಜುಗಳಿಗೇ ಅಂತ ಇರೋ ಯುಜಿಸಿಯ 2015ರ ನಿಯಮ, ಎರಡನ್ನೂ ಕೂತು ಓದಿ. ಹುಡುಗಿ ಒಬ್ಳು ನಡುಗ್ತಾ ಬಂದು ನಿಂತಾಗ "ನೋಡೋಣಮ್ಮ, ಪ್ರಿನ್ಸಿಪಾಲ್ರಿಗೆ ಹೇಳ್ತೀನಿ" ಅಂತ ಕಳ್ಸಿದ್ರೆ ಅವ್ಳು ಇನ್ನೊಂದ್ಸಲ ಬರಲ್ಲ. ದೂರು ಬರೆಯೋಕೆ ಬರದಿದ್ರೆ ಬರೆಯೋಕೆ ಸಹಾಯ ಮಾಡೋದೂ ಸಮಿತಿಯವ್ರ ಕರ್ತವ್ಯವೇ, ಹೆಸರು ಗುಟ್ಟಾಗಿ ಇಡೋದೂ ಕರ್ತವ್ಯವೇ.

ಪ್ರಿನ್ಸಿಪಾಲ್ ಹುದ್ದೆ ಬಗ್ಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿ, 15 ವರ್ಷದ ಅನುಭವ ಬೇಕು. ತುಂಬಾ ಕಡೆ ಹಿರಿಯ ಅಧ್ಯಾಪಕರೇ ಪ್ರಭಾರ ವಹಿಸ್ಕೊಂಡಿರ್ತಾರೆ. ಅವ್ರು ಡಿಡಿಓ ಕೂಡ, ಅಂದ್ರೆ ಸಂಬಳದ ಬಿಲ್ಲಿಂದ ಹಿಡಿದು ಸೀಮೆಸುಣ್ಣದ ಬಿಲ್ಲಿನವರೆಗೂ ಅವ್ರ ಸಹಿ, ಲೆಕ್ಕ ತಪ್ಪಿದ್ರೆ ಅವ್ರೇ ಉತ್ತರ ಕೊಡ್ಬೇಕು. ಹೊಸಬರು ಯಾವುದೋ ಬಿಲ್ ತಗೊಂಡು ಹೋದಾಗ ಅವ್ರು ಹತ್ತು ಪ್ರಶ್ನೆ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಕಾರಣ ಇದೇ.

ಹಂತ 6: ಸೇರೋ ದಿನ ಕೈಲಿ ಏನಿರ್ಬೇಕು

ಇದು ನನಗೆ ಆದ ಅನುಭವ, ನೋವಿನಿಂದಲೇ ಬರೀತಿದೀನಿ. ಶುರುವಿನ ವರ್ಷಗಳಲ್ಲಿ ಒಂದು ಕಾಲೇಜಲ್ಲಿ ಎರಡು ವರ್ಷ ಗೆಸ್ಟ್ ಆಗಿದ್ದೆ. "ಬನ್ನಿ ಮೇಡಂ, ಸೋಮವಾರದಿಂದ ಕ್ಲಾಸ್ ತಗೊಳ್ಳಿ" ಅಂದ್ರು, ಹೋದೆ, ಪಾಠ ಶುರು ಮಾಡಿದೆ. ವರದಿ ಮಾಡ್ಕೊಂಡ ಪತ್ರ (ಇಂಥ ದಿನ ಕೆಲಸಕ್ಕೆ ಹಾಜರಾದೆ ಅನ್ನೋದು) ಬರೆದು ಕೊಟ್ಟಿದ್ದು ಒಂದೇ ಕಾಪಿ, ಅದಕ್ಕೆ ಸೀಲು ಹಾಕಿಸ್ಕೊಂಡು ನನ್ ಹತ್ರ ಇಟ್ಕೊಳ್ಳಿಲ್ಲ. ಆಮೇಲೆ ಕೌನ್ಸೆಲಿಂಗ್‌ಗೆ ಸೇವಾ ಅನುಭವದ ಅಂಕ ಬೇಕಾಯ್ತು. ವಾಪಸ್ ಹೋಗಿ ಕೇಳಿದ್ರೆ ಆ ಸೆಕ್ಷನ್ ನೋಡ್ತಿದ್ದೋರು ಟ್ರಾನ್ಸ್‌ಫರ್ ಆಗಿದ್ರು, ಪ್ರಿನ್ಸಿಪಾಲ್ರು ರಿಟೈರ್ ಆಗಿದ್ರು, ನನ್ನ ಹೆಸರಿದ್ದ ಹಾಜರಿ ಪುಸ್ತಕ ಸಿಗ್ಲಿಲ್ಲ. ಎರಡು ವರ್ಷದಲ್ಲಿ ಒಂದು ವರ್ಷದ್ದು ಮಾತ್ರ, ಅದೂ ಬ್ಯಾಂಕ್ ಸ್ಟೇಟ್‌ಮೆಂಟ್ ತೋರ್ಸಿ, ಹೇಗೋ ಬರೆಸ್ಕೊಂಡೆ. ಇನ್ನೊಂದು ವರ್ಷ ಹೋಯ್ತು. ಆ ವರ್ಷ ನನ್ನ ಹತ್ರ ಓದಿದ ಮಕ್ಕಳು ಇವತ್ತಿಗೂ ಬಸ್ಸಲ್ಲಿ ಸಿಕ್ಕಿ "ಮೇಡಂ" ಅಂತ ಮಾತಾಡಿಸ್ತಾರೆ, ಕಾಗದದಲ್ಲಿ ಮಾತ್ರ ನಾನು ಅಲ್ಲಿ ಇರ್ಲೇ ಇಲ್ಲ.

ಹಾಗಾಗಿ, ನೇಮಕದ ಆದೇಶದ ಕಾಪಿ ತಗೊಳ್ಳಿ, ವರದಿ ಮಾಡ್ಕೊಂಡ ಪತ್ರ ಎರಡು ಕಾಪಿ ಮಾಡಿ ಒಂದಕ್ಕೆ ತಾರೀಕು ಸಮೇತ ಸೀಲು ಸಹಿ ಹಾಕಿಸ್ಕೊಳ್ಳಿ, ನಿಮ್ಮ ಟೈಮ್‌ಟೇಬಲ್‌ಗೆ ಎಚ್‌ಓಡಿ ಸಹಿ ಹಾಕಿಸಿ ಇಟ್ಕೊಳ್ಳಿ, ಪ್ರತಿ ವರ್ಷದ ಕೊನೆಗೆ ಅನುಭವ ಪ್ರಮಾಣಪತ್ರ ಆ ವರ್ಷವೇ ತಗೊಳ್ಳಿ, ಮುಂದಿನ ವರ್ಷ ಒಟ್ಟಿಗೆ ತಗೋತೀನಿ ಅಂತ ಬಿಡ್ಬೇಡಿ. ಎಲ್ಲದ್ರ ಫೋಟೋ ಫೋನಲ್ಲೂ ಇರ್ಲಿ, ಮೇಲ್‌ಗೂ ಕಳಿಸ್ಕೊಂಡಿರಿ. ಖಾಸಗಿ ಕಾಲೇಜಾದ್ರೆ ಇನ್ನೂ ಮೂರು ಕೇಳಿ: ಬೇಸಿಗೆ ರಜೆಲಿ ಸಂಬಳ ಉಂಟಾ, ಪಿಎಫ್ ಕಟ್ತೀರಾ, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾಕೆ ಬೇಕು. ಒರಿಜಿನಲ್ ಕೊಡ್ಲೇಬೇಡಿ, ತೋರ್ಸಿ, ಜೆರಾಕ್ಸ್ ಕೊಟ್ಟು, ವಾಪಸ್ ತಗೊಂಡು ಬನ್ನಿ.

ಕೇಳೋಕೆ ಸಂಕೋಚ ಆಗತ್ತೆ, ನಂಗೂ ಆಗ್ತಿತ್ತು, ಏನ್ ಅನ್ಕೋತಾರೋ ಅಂತ. "ಸರ್, ಒಂದು ಕಾಪಿಗೆ ಸೀಲ್ ಹಾಕ್ಕೊಡ್ತೀರಾ, ಮನೇಲಿ ಫೈಲ್‌ಗೆ ಬೇಕು" ಅಂತ ಮೆತ್ತಗೆ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ.

ಹಂತ 7: ಮೊದಲ ವಾರ, ಮತ್ತೆ ಬಿಡೋ ದಿನ

ಮೊದಲ ವಾರದಲ್ಲಿ ಆಫೀಸಿಗೆ ಹೋಗಿ ಯಾವ ಸೆಕ್ಷನ್ ಯಾರದ್ದು ಅಂತ ಒಂದು ಚೀಟಿಲಿ ಬರ್ಕೊಳ್ಳಿ. ಮಕ್ಕಳು ನಿಮ್ಮ ಹತ್ರ ಬಂದು "ಮೇಡಂ, ಟಿಸಿ ಎಲ್ಲಿ ಕೇಳ್ಬೇಕು?" ಅಂದಾಗ "ಆಫೀಸಲ್ಲಿ ಕೇಳು" ಅಂತ ಹೇಳೋದಕ್ಕೂ "ಬಲಗಡೆ ಎರಡನೇ ಟೇಬಲ್, ನೋ ಡ್ಯೂ ಮಾಡಿಸ್ಕೊಂಡು ಹೋಗು, ಲೈಬ್ರರಿ ಸಹಿ ಮೊದ್ಲು" ಅಂತ ಹೇಳೋದಕ್ಕೂ ಆ ಮಗುವಿಗೆ ಒಂದು ದಿನದ ಕೂಲಿ ವ್ಯತ್ಯಾಸ. ಅರ್ಧ ಜನ ಮಕ್ಕಳು ಪಾರ್ಟ್ ಟೈಮ್ ಕೆಲಸ ಬಿಟ್ಟು ಬಂದಿರ್ತಾರೆ.

ನಿಮಗೆ ಯಾವ್ದಾದ್ರೂ ಹೆಚ್ಚುವರಿ ಜವಾಬ್ದಾರಿ ಕೊಟ್ರೆ ಹಿಂದಿನವ್ರಿಂದ ಚಾರ್ಜ್ ಲಿಸ್ಟ್ ಕೇಳಿ. ಎಷ್ಟು ಫೈಲ್, ಎಷ್ಟು ರಿಜಿಸ್ಟರ್, ಬೀರು ಬೀಗದ ಕೈ ಎಷ್ಟು, ಪೋರ್ಟಲ್ ಲಾಗಿನ್ ಯಾವ ಫೋನ್ ನಂಬರ್‌ಗೆ ಓಟಿಪಿ ಹೋಗತ್ತೆ. ಈ ಕೊನೇದು ಮರೀಲೇಬೇಡಿ, ಟ್ರಾನ್ಸ್‌ಫರ್ ಆಗಿ ಹೋದೋರ ಫೋನ್‌ಗೆ ಓಟಿಪಿ ಹೋಗ್ತಾ ಇದ್ರೆ ಕಡೇ ದಿನ ಅವ್ರು ಕ್ಲಾಸಲ್ಲಿರ್ತಾರೆ, ಇಲ್ಲಿ ಮುನ್ನೂರು ಮಕ್ಕಳ ಅರ್ಜಿ ನಿಂತಿರತ್ತೆ. ಬಂದ ವಾರವೇ ನಂಬರ್ ಬದಲಾಯ್ಸೋಕೆ ಪತ್ರ ಬರೆಯಿರಿ.

ಬಿಡುವಾಗ್ಲೂ ಅಷ್ಟೇ. ನೀವು ಹಾಕಿದ ಐಎ ಮಾರ್ಕ್ಸ್‌ನ ಒಂದು ಪ್ರಿಂಟ್, ಅಟೆಂಡೆನ್ಸ್ ಪುಸ್ತಕ, ಎಲ್ಲಿವರೆಗೆ ಪಾಠ ಆಗಿದೆ ಅನ್ನೋ ಒಂದು ಪುಟ, ಮತ್ತೆ ನಿಮ್ಮ ಮೆಂಟರ್ ಗುಂಪಲ್ಲಿ ಯಾವ ಮಗುವಿನ ಮೇಲೆ ಕಣ್ಣಿಡ್ಬೇಕು ಅಂತ ನಾಲ್ಕು ಸಾಲು, ಇಷ್ಟನ್ನ ಬರೆದು ಮುಂದೆ ಬರೋರ ಕೈಗೆ ಕೊಟ್ಟು, ಅದಕ್ಕೂ ಒಂದು ಸಹಿ ತಗೊಂಡು ಬನ್ನಿ.